ಮಗ್ಗದ ಮಾತಿಲ್ಲದ ಸುದ್ದಿ

ರಬಕವಿಯ ಶಾಲೆಯಲ್ಲಿ ನಾನು ಏಳನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂದು ವರ್ಷ ಪ್ರತಿ ಮಗುವಿಗೂ ಒಂದೊಂದು ದೇಶ ಹಂಚಿದೆ. ಆ ದೇಶದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ತಂದು ಶನಿವಾರ ಎಲ್ಲರೆದುರು ಓದಬೇಕು, ಆಮೇಲೆ ಗೋಡೆಯ ನಕಾಶೆಯ ಪಕ್ಕ ಅಂಟಿಸಬೇಕು. ಕ್ರಿಕೆಟ್ಟಿನ ಆಸೆಗೆ ಆಸ್ಟ್ರೇಲಿಯಾ ಬೇಕೆಂದು ಹುಡುಗರಲ್ಲಿ ಜಗಳವೇ ಆಯಿತು. ನೇಕಾರರ ಮನೆಯ ಒಬ್ಬ ಹುಡುಗಿಗೆ ಬಾಂಗ್ಲಾದೇಶ ಬಂತು.

ಮಳೆಗಾಲದಲ್ಲಿ ಅವಳೊಂದು ಸಣ್ಣ ತುಣುಕು ತಂದಳು. ಪ್ರವಾಹ ಬಂದಿದೆ, ಸಾವಿರಾರು ಜನ ಮನೆ ಬಿಟ್ಟಿದ್ದಾರೆ, ಅಷ್ಟೇ. ಓದಿ ಮುಗಿದರೂ ಅವಳು ಕೂರಲಿಲ್ಲ.

"ಟೀಚರ್, ಇದ್ರಾಗ ಮಗ್ಗದ್ದು ಏನೂ ಬರದಿಲ್ರಿ."

"ಯಾರ ಮಗ್ಗದ್ದು?"

"ಅಲ್ಲೀ ಮಂದೀದ್ರಿ. ಅಲ್ಲೂ ಸೀರಿ ನೇಯ್ತಾರಂತ ನೀವ ಹೇಳಿದ್ರೆಲ್ರಿ."

ಕೆಲವರು ನಕ್ಕರು. ಹಿಂದೊಮ್ಮೆ ಕೃಷ್ಣಾ ನದಿ ತಮ್ಮ ಮನೆಗೆ ನುಗ್ಗಿದ್ದನ್ನು ಅವಳು ಹೇಳತೊಡಗಿದ ಮೇಲೆ ಯಾರೂ ನಗಲಿಲ್ಲ. ನೇಯುವಾಗ ಕಾಲಿಳಿಬಿಡುವ ಕುಣಿಯಲ್ಲಿ ಮೊದಲು ನೀರು ತುಂಬಿತಂತೆ. ಅಪ್ಪ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲಿನ ಹಾಸನ್ನು ಕೊಯ್ದು, ಅರ್ಧ ನೇಯ್ದ ಸೀರೆಯನ್ನು ತಲೆಯ ಮೇಲೆ ಹೊತ್ತು ಹೊರಬಂದರಂತೆ.

ಸೋಮವಾರ ಅವಳ ಅಪ್ಪನೇ ಮಗಳ ಜೊತೆ ಬಂದರು.

"ಅಕ್ಕೋರ, ಅಲ್ಲಿ ನೀರು ಇಳೀತೇನು ಅಂತ ಮನ್ಯಾಗ ಒಂದ ಸಮ ಕೇಳಾಕತ್ತಾಳ್ರಿ. ನನಗೇನ ಗೊತ್ತಾಗಬೇಕು?"

ಫೋನಿನಲ್ಲಿ ಹುಡುಕಿದೆ. ಒಂದು ಚಿತ್ರ ಸಿಕ್ಕಿತು: ತಗಡಿನ ಮನೆ, ಕೆಸರು ನೀರಿನಲ್ಲಿ ಮಗ್ಗದ ಚೌಕಟ್ಟು, ಬೇಲಿಯ ಮೇಲೆ ಒದ್ದೆ ನೂಲು ಹರವುತ್ತಿರುವ ಮುದುಕಿ. ಅವರು ಫೋನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ನಾವೂ ಹಿಂಗ ಬೇಲಿ ಮ್ಯಾಲ ಹಾಕಿದ್ವಿ, ಅಲ್ಲೇನವಾ?" ಎಂದು ಮಗಳನ್ನು ಕೇಳಿದರು. ಅವಳು ತಲೆಯಾಡಿಸಿದಳು. ನಂತರ ನನ್ನ ಕಡೆ ತಿರುಗಿ, "ಇವರ ನಂಬರ ಸಿಗತೈತೇನ್ರಿ?" ಎಂದರು.

"ಯಾಕ್ರಿ?"

"ಏನಿಲ್ರಿ, ಹಾಸು ಕೊಯ್ಯಬ್ಯಾಡ್ರಿ, ಒಣಗಿದ ಮ್ಯಾಲ ಅರ್ಧಾನರ ಉಳೀತೈತಿ ಅಂತ ಹೇಳಾವಿದ್ದೆ. ನಾ ಗಡಿಬಿಡಿ ಮಾಡಿ ಕೊಯ್ದಬಿಟ್ಟೆ."

ನಂಬರು ಸಿಗುವಂತಿರಲಿಲ್ಲ. ಹಾಗೆಂದು ಹೇಳಲು ನನಗೆ ಕಷ್ಟವಾಯಿತು. ಅವರು ನಕ್ಕು, "ಇರಲಿ ಬಿಡ್ರಿ, ಅವರಿಗೂ ತಿಳದೀತು" ಎಂದು ಮಗಳ ತಲೆ ಸವರಿ ಹೋದರು.

ಗೋಡೆಯ ಮೇಲೆ ಆ ತುಣುಕಿನ ಕೆಳಗೆ ಹುಡುಗಿ, ಹಾಸು ಕೊಯ್ಯಬೇಡಿ ಎಂಬ ಅಪ್ಪನ ಮಾತನ್ನು ಬರೆದು ಅಂಟಿಸಿದಳು. ಚಳಿಗಾಲದಲ್ಲಿ ಆಸ್ಟ್ರೇಲಿಯಾ ಸಿಕ್ಕಿದ್ದ ಹುಡುಗ ಕ್ರಿಕೆಟ್ ಬಿಟ್ಟು ಕಾಡ್ಗಿಚ್ಚಿನ ಸುದ್ದಿ ತಂದ. ಅವನು ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಯಾರೋ ಕೇಳಿದರು:

"ಅಲ್ಲೀ ಮಂದಿ ದನಾ ಎಲ್ಲಿ ಕಟ್ಟ್ಯಾರಂತಲೇ?"