ಹತ್ತು ಗಂಟೆಯ ಮಾತುಕತೆ

ಮಸ್ಕಿಯ ನಮ್ಮ ಮನೆಗೆ ಟಿ.ವಿ. ಬಂದ ಹೊಸದರಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಮಾತುಕತೆಯ ಕಾರ್ಯಕ್ರಮ ಬರುತ್ತಿತ್ತು. ಎರಡು ಬೆತ್ತದ ಕುರ್ಚಿ, ನಡುವೆ ಒಂದು ಹೂದಾನಿ, ಎರಡು ಲೋಟ ನೀರು. ರೇಷ್ಮೆ ಸೀರೆಯ ಹೆಂಗಸೊಬ್ಬಳು ಕೇಳುತ್ತಿದ್ದಳು, ಎದುರಿಗೆ ಕೂತವರು ಹೇಳುತ್ತಿದ್ದರು. ಅಷ್ಟೇ. ಅಷ್ಟಕ್ಕೇ ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿಯುವುದನ್ನು ಬೇಗ ಮುಗಿಸಿ ಬಂದು ನಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂಡುತ್ತಿದ್ದರು. ಅವ್ವ ಟಿ.ವಿ.ಗೆ ಎಲ್ಲರಿಗಿಂತ ಹತ್ತಿರ. ಟಿ.ವಿ.ಯ ಹೆಂಗಸು ಪ್ರಶ್ನೆ ಕೇಳಿದ ಕೂಡಲೇ ಅತಿಥಿ ಬಾಯಿ ತೆರೆಯುವ ಮೊದಲು ನಮ್ಮವ್ವನೇ ಉತ್ತರ ಹೇಳಿಬಿಡುತ್ತಿದ್ದಳು.

ನನಗೆ ಉತ್ತರಗಳಿಗಿಂತ ಆ ಹೆಂಗಸಿನ ಚಾಲಾಕಿತನ ಇಷ್ಟ. ಅತಿಥಿ ಒಂದು ಮಾತು ಹೇಳಿ ಮುಗಿಸುತ್ತಾರೆ. ಆಕೆ ಸುಮ್ಮನಿರುತ್ತಾಳೆ. ತಲೆಯಾಡಿಸುತ್ತಾಳೆ, ಸ್ವಲ್ಪ ಮುಂದಕ್ಕೆ ಬಾಗುತ್ತಾಳೆ. ಆ ಮೌನ ತಡೆಯಲಾರದೆ ಅತಿಥಿ ಇನ್ನೊಂದು ಮಾತು ಆಡುತ್ತಾರೆ, ನಿಜವಾದ ಮಾತು ಅದೇ ಆಗಿರುತ್ತದೆ. ಆ ಗಳಿಗೆಗಾಗಿ ಕಾಯುತ್ತ ನಾನು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಹಲ್ಲಲ್ಲಿ ಕಚ್ಚುತ್ತಿದ್ದೆ. ಒಳಗೆ ಇಷ್ಟಲಿಂಗ ಇರುವ ಕರಡಿಗೆ ಅದು. ಅವ್ವ ಟಿ.ವಿ.ಯಿಂದ ಕಣ್ಣು ತೆಗೆಯದೆಯೇ ನನ್ನ ಕೈಗೆ ಒಂದು ಬಾರಿಸುತ್ತಿದ್ದಳು. ಬೆಳ್ಳಿಯ ಅಂಚಿನಲ್ಲಿ ನನ್ನ ಎರಡು ಹಲ್ಲಿನ ಗುರುತು ಇವತ್ತಿಗೂ ಇದೆ.

ಈಗ ನಾನು ಸಿಂಧನೂರಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಂಗಡಿಯಲ್ಲಿ ಒಂದು ಮಷೀನು, ಒಂದು ಕನ್ನಡಿ, ಬಂದವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಅಳತೆ ತೆಗೆಸಿಕೊಳ್ಳುವ ಹೆಂಗಸರು ಯಾಕೋ ಮನಸ್ಸು ಬಿಚ್ಚುತ್ತಾರೆ. ತುರ್ವಿಹಾಳದಿಂದ ಬರುವ ಒಬ್ಬಾಕೆ ನಾಟಿ ಹಚ್ಚುವಾಗ ಗದ್ದೆಯಲ್ಲಿ ಯಾರಿಗೂ ಹೇಳದೆ ಅತ್ತದ್ದನ್ನು ಹೇಳಿದಳು. ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ ಅಜ್ಜಿಯೊಬ್ಬಳು ಇಲ್ಲಿಗೆ ಬಂದ ಹೊಸದರಲ್ಲಿ ಜೋಳದ ರೊಟ್ಟಿ ನುಂಗಲಾಗದೆ ನೀರಲ್ಲಿ ನೆನೆಸಿ ತಿಂದದ್ದನ್ನು ನಗುತ್ತ ಹೇಳಿದಳು. ಇವನ್ನೆಲ್ಲ ನಾನು ಫೋನಿನಲ್ಲೇ ಟೈಪು ಮಾಡಿ ಬ್ಲಾಗಿಗೆ ಹಾಕುತ್ತೇನೆ. ಹೆಸರು ಹಾಕುವುದಿಲ್ಲ. ಈ ಕಾಲದಲ್ಲಿ ಬ್ಲಾಗು ಯಾರು ಓದುತ್ತಾರೆ ಎಂದು ಕೇಳುವವರಿದ್ದಾರೆ. ಓದುವವರು ಇದ್ದಾರೆ. ಮೈಸೂರಿನಿಂದ, ಪುಣೆಯಿಂದ ಯಾರೋ ಬರೆಯುತ್ತಾರೆ, 'ಓದಿ ಕಣ್ಣು ತುಂಬಿತು' ಎಂದು. ಟಿ.ವಿ.ಯಲ್ಲಿ ಕಾಣದ ಜನ ಚಪ್ಪಾಳೆ ತಟ್ಟುತ್ತಿದ್ದರಲ್ಲ, ಅಂಥದೇ ಸದ್ದು ಇದು. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಮತ್ತೆ ಬೇಕೆನಿಸುತ್ತದೆ.

ಆ ರೇಷ್ಮೆ ಸೀರೆಯವಳ ವಿದ್ಯೆಯನ್ನೇ ನಾನು ಮುಂದುವರಿಸಿದ್ದೇನೆ ಎಂಬ ಜಂಬವೂ ನನಗಿತ್ತು. ಅದೇ ಕುರ್ಚಿ, ಅದೇ ಬಾಗುವಿಕೆ, ಅದೇ ಮೌನ. ಬಾಯಲ್ಲಿ ಗುಂಡುಸೂಜಿ ಹಿಡಿದು 'ಹೂಂ' ಎಂದರೆ ಸಾಕು, ಎಂಥವರೂ ಮುಂದುವರಿಯುತ್ತಾರೆ. ಒಂದೇ ವ್ಯತ್ಯಾಸ. ಟಿ.ವಿ.ಗೆ ಬರುವವರು ಮುಖಕ್ಕೆ ಪೌಡರ್ ಹಚ್ಚಿಕೊಂಡು, ಏನು ಹೇಳಬೇಕು ಏನು ಹೇಳಬಾರದು ಎಂದು ಮನೆಯಲ್ಲೇ ಯೋಚಿಸಿಕೊಂಡು ಬರುತ್ತಿದ್ದರು. ನನ್ನ ಕುರ್ಚಿಯಲ್ಲಿ ಕೂತವರು ಬ್ಲೌಸ್ ಹೊಲಿಸಲು ಬಂದವರು. ಈ ವ್ಯತ್ಯಾಸ ನನಗೆ ಆಗ ಹೊಳೆದಿರಲಿಲ್ಲ.

ಹೋದ ತಿಂಗಳು ಆ ಕುರ್ಚಿಯಲ್ಲಿ ನನ್ನ ವೈನಿ ಕೂತಿದ್ದಳು. ಅಣ್ಣನ ಹೆಂಡತಿ. ಅಣ್ಣ ವೈನಿ ಇರುವುದು ಲಿಂಗಸುಗೂರಿನಲ್ಲಿ, ಅಣ್ಣನಿಗೆ ಅಲ್ಲಿ ಕೆಲಸ. ಅವ್ವ ಮಸ್ಕಿಯ ಮನೆ ಬಿಟ್ಟು ಬರುವವಳಲ್ಲ, ಓಣಿಯೇ ಅವಳ ಸಂಸಾರ. ಅವ್ವನ ಕಟ್ಟುನಿಟ್ಟು ಎಂಥದೆಂದರೆ, ಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಇಲ್ಲ. ಲಿಂಗ ಮೈಯಿಂದ ಕಳೆದುಹೋದರೆ ಸಿಗುವ ತನಕ, ಇಲ್ಲವೇ ಗುರುಗಳು ಬೇರೆ ಕಟ್ಟುವ ತನಕ, ಹನಿ ನೀರು ಮುಟ್ಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಹಾಗಾಗಿರಲಿಲ್ಲ ಎಂದೇ ನಾನು ತಿಳಿದಿದ್ದೆ.

ತೋಳಿನ ಅಳತೆ ತೆಗೆಯುತ್ತಿದ್ದಾಗ ವೈನಿ ಹೇಳಿದಳು. ಅಪ್ಪ ತೀರಿ ವರ್ಷ ತುಂಬಿದ ದಿನ ಮಸ್ಕಿಯಲ್ಲಿ ಗಣಾರಾಧನೆ ಇತ್ತು. ಅಯ್ಯನವರನ್ನು, ಅಂದರೆ ಜಂಗಮರನ್ನು, ಕರೆದು ಪಾದ ತೊಳೆದು ಊಟ ಹಾಕುವ ದಿನ. ಹಿಂದಿನ ಸಂಜೆ ಲಿಂಗಸುಗೂರಿನಿಂದ ಬರುವಾಗ ಬಸ್ಸಿನ ನೂಕುನುಗ್ಗಲಿನಲ್ಲಿ ವೈನಿಯ ಶಿವದಾರ ಹರಿದು ಕರಡಿಗೆ ಲಿಂಗದ ಸಮೇತ ಎಲ್ಲೋ ಬಿದ್ದುಹೋಯಿತು. ಮನೆಗೆ ಬಂದು ನೋಡಿದರೆ ಕೊರಳು ಬರಿದು. ಮರುದಿನದ ಅಡಿಗೆಯೆಲ್ಲ ಅವಳದೇ.

ನಾನು ಸುಮ್ಮನೆ 'ಹೂಂ' ಎಂದೆ. ಟೇಪು ಹಿಡಿದುಕೊಂಡು ಸ್ವಲ್ಪ ಬಾಗಿದೆ.

"ದೇವರ ಗೂಡಿನ್ಯಾಗ ಒಂದು ಅಡಕಿ ಇತ್ತು," ಎಂದಳು ವೈನಿ. "ಅದನ್ನ ಅರಿವ್ಯಾಗ ಸುತ್ತಿ ದಾರ ಹಾಕಿ ಕೊರಳಾಗ ಕಟಗೊಂಡೆ. ಹೋಳಿಗಿ ಮಾಡಿದೆ, ಅಯ್ಯನೋರಿಗೆ ನೀಡಿದೆ. ಅತ್ತಿ ಕೇಳಿದ್ರು, ಅರಿವ್ಯಾಗ ಯಾಕ ಕಟ್ಟೀದಿ ಅಂತ. ಕರಡಿಗಿ ಮುಚ್ಚಳ ಸಡ್ಲಾಗ್ಯದ, ರಿಪೇರಿಗೆ ಕೊಟ್ಟೀನಿ ಅಂದೆ. ಮೂರು ದಿನ ಅಡಕಿ ಕಟಗೊಂಡು ಅಡ್ಡಾಡೀನಿ. ಆಮ್ಯಾಲೆ ಸಿಂಧನೂರಾಗ ಗುರುತಿಲ್ಲದ ಅಯ್ಯನೋರ ಕಡಿಂದ ಹೊಸಾದು ಕಟ್ಟಿಸಿಕೊಂಡೆ. ಮಾವನೋರ ಎಡಿ ಮೈಲಿಗಿ ಮಾಡಿದೆ ಅನಿಸ್ತದ, ಇವತ್ತಿಗೂ."

ಅವಳ ಕಣ್ಣು ತುಂಬಿದ್ದವು. ನನ್ನವೂ ತುಂಬಿದ್ದವು. ಆದರೆ ಇದು ಬ್ಲಾಗಿಗೆ ಎಷ್ಟು ಚೆನ್ನಾಗಿರುತ್ತದೆ ಎಂದೂ ಅದೇ ಹೊತ್ತಿನಲ್ಲಿ ನನಗೆ ಅನಿಸಿತು. ಬರೆಯಲೇ ಎಂದು ಕೇಳಿದೆ. ಹೆಸರು ಹಾಕಬೇಡ ಎಂದಳು. ಓದುವವರೆಲ್ಲ ದೂರದವರು ಎಂದೆ. ಅವ್ವನ ಕಣ್ಣಿಗೆ ಪೊರೆ ಬಂದು ಅವಳು ಪೇಪರ್ ಓದುವುದನ್ನೂ ಬಿಟ್ಟಿದ್ದಳು, ಹಾಗಾಗಿ ಇಬ್ಬರಿಗೂ ಧೈರ್ಯ.

ಶನಿವಾರ ಸಂಜೆ ಅದನ್ನು ಹಾಕಿದೆ. ಊರಿನ ಹೆಸರು ತೆಗೆದೆ, ಅಣ್ಣನ ಮಾತು ತೆಗೆದೆ. ಅಪ್ಪನ ಗಣಾರಾಧನೆಯನ್ನು 'ಹಿರಿಯರ ಗಣಾರಾಧನೆ' ಎಂದಷ್ಟೇ ಬರೆದೆ. ಬಟ್ಟೆಯಲ್ಲಿ ಸುತ್ತಿದ ಅಡಿಕೆಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಅದಿಲ್ಲದೆ ಬರಹ ಸಪ್ಪೆ ಅನಿಸಿತು.

ಭಾನುವಾರ ಬೆಳಿಗ್ಗೆ ಅವ್ವನ ಫೋನು ಬಂತು. ದನಿಯಲ್ಲಿ ಹಿಗ್ಗು.

"ಎದುರುಮನಿಯಾಕಿ ಕಲಿಸ್ಯಾಳ, ನೀ ಬರದದ್ದನ್ನ ಈಗ ಫೋನೇ ಓದಿ ಹೇಳ್ತದ. ಹೋದ ವಾರ ಬಂಗಾಲಿ ಮುದುಕೀದು ಕೇಳಿದ್ವಿ, ಎಲ್ಲಾರೂ ನಕ್ಕು ನಕ್ಕು ಸಾಕಾದ್ವಿ. ಇವತ್ತಿಂದು ಆಕಿ ಆಗಲೇ ತೆರದಿಟ್ಟಾಳ. ಹತ್ತಕ್ಕ ಕೂಡ್ತೀವಿ, ಆಗಿನ ಟಿ.ವಿ. ಕೂಡಿದಂಗ."

ಇವತ್ತಿನದು ಬೇಡ, ಅದು ಚೆನ್ನಾಗಿಲ್ಲ ಎಂದೆ. ಚೆನ್ನಾಗಿದೆಯೋ ಇಲ್ಲವೋ ಕೇಳಿ ನಾವು ಹೇಳುತ್ತೇವೆ ಎಂದಳು. ನಾನೇ ಬಂದು ಓದುತ್ತೇನೆ, ಕಾಯಿರಿ ಎಂದೆ. ಹತ್ತರೊಳಗೆ ಬಂದರೆ ಬಾ ಎಂದು ಫೋನಿಟ್ಟಳು.

ಮೊದಲು ಬರಹವನ್ನೇ ಅಳಿಸಿದೆ. ಆಮೇಲೆ ನೆನಪಾಯಿತು, ಎದುರುಮನೆಯಾಕೆ ಪುಟ ತೆರೆದಿಟ್ಟಿದ್ದಾಳೆ, ಇಲ್ಲಿ ಅಳಿಸಿದರೂ ಅಲ್ಲಿ ಹಾಗೇ ಇರುತ್ತದೆ. ತಲೆ ಬಾಚದೆ ಬಸ್ ಸ್ಟ್ಯಾಂಡಿಗೆ ಓಡಿದೆ. ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ನಿಂತಿತ್ತು, ಡ್ರೈವರ್ ಚಹಾ ಕುಡಿಯುತ್ತಿದ್ದ. ಆತ ಕಪ್ಪು ಊದಿ ಊದಿ ಕುಡಿಯುವುದನ್ನು ನೋಡುತ್ತ ಕೂತಿದ್ದ ನನಗೆ ಆತನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬಸ್ಸು ಹೊರಟ ಮೇಲೂ ಜೀವಕ್ಕೆ ಸಮಾಧಾನವಿಲ್ಲ. ಎರಡೂ ಕಡೆ ಹಸಿರು ಗದ್ದೆ, ಬೇರೆ ಕಡೆಯಿಂದ ಬಂದು ನೆಲೆಸಿದವರ ಒಂದೊಂದು ಕ್ಯಾಂಪಿಗೂ ಒಂದೊಂದು ಸ್ಟಾಪು. ಒಬ್ಬಾಕೆ ಹತ್ತಿ, ಚೀಲ ಹತ್ತಿಸಿ, ಇಳಿದುಹೋದ ಗಂಡನನ್ನು ಕೂಗಿ ಕರೆದು ಹತ್ತಿಸಿಕೊಂಡಳು. ನಾನು ಗಳಿಗೆಗೊಮ್ಮೆ ಫೋನು ನೋಡಿಕೊಳ್ಳುತ್ತಿದ್ದೆ. ಅವ್ವನಿಗೆ ಹಚ್ಚಿದರೆ ಎತ್ತಲಿಲ್ಲ. ವೈನಿಗೆ ಹಚ್ಚಲೋ ಬೇಡವೋ ಎಂದು ಮೂರು ಸಲ ನಂಬರ್ ತೆಗೆದು, ಕೊನೆಗೆ 'ಅವ್ವ ಇವತ್ತು ನನ್ನ ಬ್ಲಾಗು ಕೇಳ್ತಾಳಂತ' ಎಂದು ಮೆಸೇಜ್ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಅವಳು ಆಗ ಲಿಂಗಸುಗೂರಿನ ಅಡಿಗೆಮನೆಯಲ್ಲಿ ಹೇಗೆ ನಿಂತಿರಬಹುದು ಎಂದು ನೆನೆದು ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಬಂದವರ ಎದುರಿಗೆಲ್ಲ ಅವ್ವ ಹೇಳುವುದು ಒಂದೇ ಮಾತು, ನನ್ನ ಸೊಸೆಯ ಕೈಯಡಿಗೆ ಅಯ್ಯನವರೇ ಮೆಚ್ಚಿದ ಅಡಿಗೆ ಎಂದು. ಹದಿನೈದು ವರ್ಷದ ಸೊಸೆತನ ಆ ಒಂದು ಮಾತಿನ ಮೇಲೆ ನಿಂತಿತ್ತು.

ಮಸ್ಕಿಯಲ್ಲಿ ಇಳಿದಾಗ ಹತ್ತು ದಾಟಿತ್ತು. ಮನೆಯ ಬಾಗಿಲಲ್ಲಿ ಐದಾರು ಜೊತೆ ಚಪ್ಪಲಿ. ಒಳಗಿನಿಂದ ಫೋನಿನ ದನಿ ಕೇಳಿಸುತ್ತಿತ್ತು. ಏರಿಳಿತವಿಲ್ಲದ ಹೆಣ್ಣು ದನಿ. ಪೂರ್ಣವಿರಾಮಕ್ಕೂ ನಿಲ್ಲದೆ, ಅಳುವಿಗೂ ನಿಲ್ಲದೆ, ನಾನು ಬರೆದದ್ದನ್ನು ಒಂದೇ ಸಮನೆ ಓದುತ್ತಿತ್ತು. ನಾನು ಹೊಸ್ತಿಲು ದಾಟಿದಾಗ ಓದು ಅಡಿಕೆ ಕಟ್ಟಿಕೊಂಡ ಮಾತು ದಾಟಿ ಆ ಮೂರು ದಿನಗಳಿಗೆ ಬಂದಿತ್ತು. ಅವ್ವ ಹಳೆಯ ಜಾಗದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು. ಟಿ.ವಿ. ಇದ್ದ ಕಡೆ ಸ್ಟೂಲಿನ ಮೇಲೆ ಫೋನು.

ಓದು ಮುಗಿಯಿತು. ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಚೆನ್ನಾಗಿ ಗೊತ್ತಿದ್ದ ಮೌನ.

ತಡೆಯಲಾರದೆ ಮಾತಾಡಿದವಳು ಎದುರುಮನೆಯಾಕೆ. "ಯಾರ ಮನಿದಿರಬೇಕು ಇದು? ಅಲ್ರೀ, ನಿಮ್ಮನಿ ಗಣಾರಾಧನಿ ದಿನ ನಿಮ್ಮ ಸೊಸಿ ಕೊರಳಾಗ ಅರಿವಿ ಗಂಟು ನೋಡಿದ್ದ ನೆನಪದ ನನಗ."

ಅವ್ವನ ಕೈಯಲ್ಲಿ ಬತ್ತಿ ನಿಂತಿತು. ನಾನು ಯೋಚಿಸಿ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಹೆದರಿಕೆ ಬಾಯಿಗೆ ತಂದ ಮಾತು ಅದು.

"ಅದು ನಾನು. ಬಸ್ಸಿನ್ಯಾಗ ಕಳಕೊಂಡಿದ್ದೆ. ಅವತ್ತು ಹೋಳಿಗಿಗೆ ನಾನೂ ಕೈ ಹಚ್ಚಿದ್ದೆ. ವೈನಿ ಕರಡಿಗಿ ಖರೇನೇ ರಿಪೇರಿಗೆ ಕೊಟ್ಟಿತ್ತು."

"ಹಂಗಾರ ಈಗ ಕೊರಳಾಗ ಇದ್ದದ್ದು ಹೊಸಾದೇನು?" ಎಂದಳು ಎದುರುಮನೆಯಾಕೆ. ಕೆಟ್ಟವಳಲ್ಲ. ಕುತೂಹಲ, ನನ್ನದೇ ರೋಗ.

ಅವ್ವ ನನ್ನನ್ನು ನೋಡಿದಳು. ಸ್ವಲ್ಪ ಮುಂದಕ್ಕೆ ಬಾಗಿದಳು. "ಇಲ್ಲಿ ಬಾ," ಎಂದಳು.

ಮುಂದೆ ಹೋಗಿ ಕೂತೆ. ಅವ್ವ ನನ್ನ ಕರಡಿಗೆಯನ್ನು ಸೆರಗಿನಿಂದ ಹೊರತೆಗೆದು ಅಂಗೈಯಲ್ಲಿಟ್ಟುಕೊಂಡಳು. ಕಣ್ಣಿಗೆ ಪೊರೆ ಇದ್ದವಳು, ಹೆಬ್ಬೆರಳಿನಿಂದ ಅದರ ಅಂಚನ್ನು ಸವರುತ್ತ ಬಂದಳು. ಹಲ್ಲಿನ ಗುರುತು ಇದ್ದ ಕಡೆ ಬೆರಳು ನಿಂತಿತು. ಅಲ್ಲೇ ಬಹಳ ಹೊತ್ತು ನಿಂತಿತು. ಆ ಗುರುತು ಅವಳಿಗಿಂತ ಚೆನ್ನಾಗಿ ಗೊತ್ತಿರುವವರು ಈ ಲೋಕದಲ್ಲಿ ಯಾರೂ ಇಲ್ಲ.

"ಹೌದು," ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ. "ಹೊಸಾದದ."

ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ನನ್ನ ಸೆರಗಿನೊಳಗೆ ಸೇರಿಸಿದಳು. ನನಗೆ ನಾಲ್ಕು ಬೈಗುಳ ಬೈದಳು, ಅವು ಓಣಿಗಾಗಿ. ಹೆಂಗಸರು ಅಯ್ಯೋ ಪಾಪ ಎನ್ನುತ್ತ, ನನ್ನನ್ನು ಹೊಸ ಕಣ್ಣಿನಿಂದ ನೋಡುತ್ತ ಎದ್ದು ಹೋದರು. ನನ್ನ ಹೆಸರು ಆ ಓಣಿಯಲ್ಲಿ ಇನ್ನು ಮುಂದೆ ಹೇಗೆ ಬರುತ್ತದೆ ಎಂದು ನನಗೆ ಗೊತ್ತಾಯಿತು. ಬೇಸರವಾಗಲಿಲ್ಲ ಎಂದರೆ ಸುಳ್ಳು.

ಮಧ್ಯಾಹ್ನ ಅವ್ವ ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ತಾನು ತಾಟು ಇಟ್ಟುಕೊಳ್ಳಲಿಲ್ಲ.

"ನೀ ಉಣ್ಣಲ್ಲೇನು?" ಎಂದೆ.

"ಅಯ್ಯನೋರು ಉಂಡು ಹೋಗಿಬಿಟ್ಟಾರ. ಇನ್ನು ಏನು ಮಾಡಾಕ ಬರ್ತದ. ಇವತ್ತೊಂದಿನ ನಾ ಉಪಾಸ ಇರ್ತೀನಿ."

ನಾನು ತುತ್ತು ಕೈಯಲ್ಲಿ ಹಿಡಿದು ಕೂತೆ. ಅವಳೇ ಕೇಳಿದಳು, ಮೆಲ್ಲಗೆ. "ಆ ಅಡಕಿ ಆಮ್ಯಾಲೆ ಏನು ಮಾಡಿದಳಂತ?"

ನನಗೆ ಗೊತ್ತಿರಲಿಲ್ಲ. ಇಷ್ಟೆಲ್ಲ ಕೇಳಿ ಬರೆದವಳು ಅದೊಂದನ್ನು ಕೇಳಿರಲಿಲ್ಲ. ವೈನಿಗೆ ಕೇಳಿ ಹೇಳುತ್ತೇನೆ ಎಂದೆ.

"ಬ್ಯಾಡ," ಎಂದಳು ಅವ್ವ. "ಕೇಳಬ್ಯಾಡ. ನನಗ ಗೊತ್ತಾಗ್ಯದ ಅಂತ ಆಕಿಗೆ ಯಾವತ್ತೂ ಗೊತ್ತಾಗಬಾರದು."

ಅಷ್ಟರಲ್ಲಿ ನನ್ನ ಫೋನು ಬಡಿಯಿತು. ವೈನಿ. ನಾನು ಎತ್ತಿದ ಕೂಡಲೇ ಅವ್ವ ಕೈ ಚಾಚಿ ಫೋನು ತೆಗೆದುಕೊಂಡಳು. ಆ ಕಡೆಯಿಂದ ಒಂದು ಮಾತೂ ಇಲ್ಲ, ಉಸಿರಾಟ ಮಾತ್ರ ನನಗೂ ಕೇಳಿಸುತ್ತಿತ್ತು. ಅವ್ವ ಕಾಯಲಿಲ್ಲ.

"ಊಟ ಆತೇನವಾ ನಿಂದು?" ಎಂದಳು.

ವೈನಿ ಏನೋ ಅಂದಳು. ಆಮೇಲೆ ದಿನಾ ಕೇಳುವಂತೆ ತಿರುಗಿ ಅದನ್ನೇ ಕೇಳಿದಳು.

"ನಂದೂ ಈಗ ಆತು," ಎಂದಳು ಅವ್ವ.