ಸತ್ತವರ ನೆಂಟ ಸಿದ್ದರಾಮು

ಸಿದ್ದರಾಮು ಮದ್ದೂರಿನಲ್ಲಿ ಹೆಡ್ ಕಾನ್ಸ್‌ಟೇಬಲ್. ಹದಿನೆಂಟು ವರ್ಷ ಕೊಲೆ ಕೇಸುಗಳ ಹಿಂದೆ ಅಲೆದ ಮನುಷ್ಯ. ಹೆಣ್ಣು ನೋಡಲು ಹೊರಟ ಎರಡು ಸಲವೂ ನಾಲೆಯಲ್ಲಿ ಹೆಣ ತೇಲಿತು. ಮೂರನೆಯ ಸಲ ಯಾರೂ ಕರೆಯಲಿಲ್ಲ. ತನ್ನವರೆಂದು ಉಳಿದದ್ದು ತಂಗಿ ಕವಿತ ಮತ್ತು ಅವಳ ಪುಟ್ಟ ಮಗಳು ಗಗನ. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಮಗುವಿನ ಕಿವಿ ಚುಚ್ಚಿಸಬೇಕು. ಅವನಿಗಾಗಿ ಆ ಶಾಸ್ತ್ರವನ್ನು ಎರಡು ಸಲ ಮುಂದೂಡಿದ್ದರು. ಇವತ್ತು ಚಿಕ್ಕರಸಿನಕೆರೆಯ ಗುಡಿಯಲ್ಲಿ, ಹನ್ನೊಂದಕ್ಕೆ ಮುಹೂರ್ತ.

ಇವತ್ತೇ ಸಂಜೆ, ಕಳೆದ ವಾರ ನಾಲೆಯಲ್ಲಿ ಸಿಕ್ಕ ಹೆಂಗಸನ್ನು ಗುರುತು ಸಿಗದ ಹೆಣವೆಂದು ಹೂಳುವುದಿತ್ತು. ಕತ್ತು ಹಿಸುಕಿ ಎಸೆದಿದ್ದರು, ಮುಖ ಗುರುತಾಗುವಂತಿರಲಿಲ್ಲ. ಎಂಟು ದಿನದಿಂದ ಸಿದ್ದರಾಮು ಅವಳ ರವಿಕೆಯ ಫೋಟೊ ಹಿಡಿದು ಟೈಲರ್ ಅಂಗಡಿಗಳನ್ನು ಸುತ್ತಿದ್ದ. ಹೊಲಿದ ಕೈ ತನ್ನ ಹೊಲಿಗೆಯನ್ನು ಮರೆಯುವುದಿಲ್ಲ ಎಂಬುದು ಅವನ ನಂಬಿಕೆ. ಗುಡಿಗೆ ಹೋಗುವ ಮುನ್ನ ಆತಗೂರಿನಲ್ಲಿ ಇನ್ನೊಂದೇ ಒಂದು ಅಂಗಡಿ ನೋಡಿಬಿಡೋಣವೆಂದು ಬೈಕು ನಿಲ್ಲಿಸಿದ.

ಟೈಲರ್ ಶಿವರಾಜು ಫೋಟೊವನ್ನು ಬೆಳಕಿಗೆ ಹಿಡಿದ.

"ನನ್ ಒಲಿಗೇನೇ ಸಾ. ಬಲತೋಳು ಅಗಲ ಮಡುಗಿದೀನಿ ನೋಡಿ. ಪಟ್ಟಲಮ್ಮನ ಮಗಳು ರೂಪಂದು. ತೋಳು ಸುಟ್ಟಿತ್ತು, ಬಿಗಿಯಾದ್ರೆ ಉರೀತದೆ ಅನ್ನೋಳು." ಆಮೇಲೆ ಅವನ ದನಿ ಇಳಿಯಿತು. "ಗಂಡನ ಮನೇಲವ್ಳೆ ಅಂದ್ಕೊಂಡವ್ಳೆ ಅವ್ರವ್ವ."

ಪಟ್ಟಲಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಸಾವಿನ ಸುದ್ದಿಯನ್ನು ನಿಂತುಕೊಂಡು ಹೇಳಬಾರದು ಎಂಬುದು ಸಿದ್ದರಾಮು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಪಕ್ಕದಲ್ಲಿ ಕುಳಿತು ಹೇಳಿದ. ಅವಳು ಅಳಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಬಿಡಿಸಿದಳು.

"ಜೀಪು ಬತ್ತದೆ ಕಣವ್ವ. ಮಂಡ್ಯದ ಆಸ್ಪತ್ರೆಗೆ ಓಗಿ, ನಿನ್ ಮಗಳೇನಾ ಅಂತ ನೋಡಿ ಏಳ್ಬೇಕು."

"ನೀನೂ ಬತ್ತೀಯಾ ಮಗ? ನಂಗೆ ಯಾರೂ ಇಲ್ಲ."

ಆಗ ಹತ್ತು ಗಂಟೆ. ಬೈಕು ಹತ್ತಿದರೆ ಮುಹೂರ್ತ ಸಿಗುತ್ತಿತ್ತು. ಅವನು ಅಂಗಳಕ್ಕಿಳಿದು ಕವಿತಳಿಗೆ ಫೋನ್ ಮಾಡಿದ.

"ಗಗನನ್ನ ನಿನ್ ಮೈದುನನ ತೊಡೆ ಮೇಲೆ ಕೂರ್ಸವ್ವ."

"ಸತ್ತೋರ್ಗೆಲ್ಲ ನೆಂಟ ಕಣಣ್ಣ ನೀನು. ಬದುಕಿರೋರು ಏನ್ ಮಾಡ್ಬೇಕು ಏಳು."

ಕವಿತ ಫೋನ್ ಇಟ್ಟಳು.

ಜೀಪು ಬಂದಾಗ ಪಟ್ಟಲಮ್ಮ ಬೇರೆ ಸೀರೆ ಉಟ್ಟು ನಿಂತಿದ್ದಳು. ಸಿದ್ದರಾಮು ಅವಳ ಕೈ ಹಿಡಿದು ಹತ್ತಿಸಿದ. ಮುಂದಿನ ಸೀಟು ಖಾಲಿಯಿದ್ದರೂ ಅವಳ ಜೊತೆಗೇ ಹಿಂದೆ ಕುಳಿತ. ದಾರಿಯುದ್ದಕ್ಕೂ ಅವಳು ಮಗಳ ಬಾಲ್ಯ ಹೇಳಿದಳು. ಅವನು ಕೇಳುತ್ತ ಬಂದ. ಅಳಿಯನ ಹೆಸರು ಬಂದಾಗ ಮಾತ್ರ, ಮೆಲ್ಲಗೆ, ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದ.