ಅಪ್ಪ ನೆಂಟರಾಗಿದ್ದರು

ಅಪ್ಪ ನಮ್ಮ ಮನೆಗೆ ಸಂಜೆ ಬಂದು ಬೆಳಿಗ್ಗೆ ಹೋಗುತ್ತಿದ್ದರು. ಬಂದ್ಯೋಡಿನ ಹತ್ತಿರದ ಆ ಮನೆ ಅಮ್ಮನ ಕುಟುಂಬದ್ದು. ಅಪ್ಪನ ಮನೆ ಮೀಂಜದಲ್ಲಿ, ಅವರ ಅಕ್ಕನ ಜತೆ. ನಮ್ಮ ಅಳಿಯಕಟ್ಟಿನಲ್ಲಿ ಗಂಡಸು ದುಡಿಯುವುದು ಅಕ್ಕತಂಗಿಯರ ಮಕ್ಕಳಿಗೆ. ಅವನ ನಂತರ ಯಜಮಾನಿಕೆ ಅಳಿಯನಿಗೆ, ಎಂದರೆ ಅಕ್ಕತಂಗಿಯರ ಮಗನಿಗೆ. ನಮ್ಮನ್ನು ಸಾಕಲು ಅಮ್ಮನ ಅಣ್ಣ ಇದ್ದರು, ಊಟಬಟ್ಟೆಗೆ ಕೊರತೆ ಇರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಗದ್ದೆಗಲ್ಲ. ಅಪ್ಪನ ಅಕ್ಕನ ಮಗ, ನನಗೆ ಭಾವ, ದಿನವಿಡೀ ಅವರ ಜತೆ ಇರುತ್ತಿದ್ದ. ನೇಗಿಲು ಹಿಡಿಯಲು ಕಲಿಸಿದ್ದು ಅವನಿಗೆ. ಬೈದದ್ದೂ ಅವನಿಗೇ. ನನ್ನನ್ನು ಅಪ್ಪ ಒಮ್ಮೆಯೂ ಬೈದವರಲ್ಲ. ನೆಂಟರ ಮನೆಯ ಮಕ್ಕಳನ್ನು ಯಾರು ಬೈಯುತ್ತಾರೆ?

ನನಗೆ ಹನ್ನೆರಡಾಗಿದ್ದಾಗ ಅಪ್ಪ ನಮ್ಮಲ್ಲೇ ಜ್ವರ ಬಂದು ಮಲಗಿದರು. ಐದು ದಿನ ಹೋಗಲಿಲ್ಲ. ಹೇಳಬಾರದು, ನನಗೆ ಅದು ಹಬ್ಬದಂತಿತ್ತು. ಗಂಜಿತಿಳಿ ಕುಡಿಸಿದ್ದು, ಬೆನ್ನು ಒರೆಸಿದ್ದು ನಾನೇ. ಆರನೆಯ ದಿನ ಭಾವ ನಾಲ್ಕು ಜನರನ್ನೂ ಬಿದಿರಿಗೆ ಕಂಬಳಿ ಕಟ್ಟಿದ ಜೋಲಿಯನ್ನೂ ತಂದ. ಗಂಡಸು ಹೆಂಡತಿಯ ಮನೆಯಲ್ಲಿ ಸಾಯಬಾರದೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಅಪ್ಪನ ಬಟ್ಟೆ ಮಡಚತೊಡಗಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ದಾರಿ ಬಿಡು ಮಾರಾಯ,” ಎಂದ ಭಾವ. “ಮಾವನನ್ನು ಮನೆಗೆ ಕರ್ಕೊಂಡು ಹೋಗ್ಬೇಕು.”

“ಇದೆಂತ, ಮನೆ ಅಲ್ವಾ?”

ಚಾಪೆಯಿಂದ ಅಪ್ಪನೇ ಹೇಳಿದರು: “ಬಿಡು ಮಗಾ. ನಾನು ಹೋಗ್ಲಿಕ್ಕೆ ಉಂಟು.”

ಮೂರು ದಿನದಲ್ಲಿ ಸುದ್ದಿ ಬಂತು. ಮೀಂಜಕ್ಕೆ ತಲುಪಿದಾಗ ನಮಗೆ ಜಗಲಿಯಲ್ಲಿ ಚಾಪೆ ಹಾಸಿದರು, ದೂರದಿಂದ ಬಂದವರಿಗೆ ಹಾಸುವಂತೆ. ಭಾವ ಒಳಗೆ ಗಟ್ಟಿಯಾಗಿ ಅಳುತ್ತಿದ್ದ. ಅವನ ಆ ಅಳುವಿನ ಮೇಲೂ ನನಗೆ ಅಸೂಯೆಯಾಯಿತು.

ಆಮೇಲೆ ಕಾನೂನುಗಳು ಬಂದವು. ಮೊದಲು, ಕುಟುಂಬ ಪಾಲಾಗಬಹುದು ಎಂದಾಯಿತು. ಮತ್ತೆ, ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೂ ಹೋಗಬಹುದು ಎಂದು. ಭಾವ ಯಜಮಾನನಾಗಿ ದುಡಿದ ಮನೆ ಕವಲು ಕವಲಾಗಿ ಒಡೆದು, ಅವನಿಗೆ ತೋಡಿನ ಬದಿಯ ಸಣ್ಣ ಗದ್ದೆಯೊಂದು ಉಳಿಯಿತು. ಕೇಳಿ ನನಗೆ ಸಂತೋಷವಾಯಿತು, ನಿಜ ಹೇಳುತ್ತೇನೆ. ಅಮ್ಮನ ಕುಟುಂಬದಿಂದ ನನ್ನ ಪಾಲಿಗೆ ಬಂದ ಜಾಗದಲ್ಲಿ ನಾನು ಮನೆ ಕಟ್ಟಿ, ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಂದೆ. ನಾನೇ ನೇಗಿಲು ಹಿಡಿಸಿ ಕಲಿಸಿದ ನನ್ನ ಅಕ್ಕನ ಮಗ ಆ ವರ್ಷ ಗದ್ದೆಗೆ ಬರಲಿಲ್ಲ.

“ಕಾನೂನು ಬಂತಲ್ಲ,” ಎಂದಳು ಅಕ್ಕ. “ಇನ್ನು ನನ್ನ ಮಕ್ಕಳಿಗೆ ಮಾವ ಎಂತದಕ್ಕೆ?”

ಆ ಸಲ ಗದ್ದೆಯನ್ನು ನಾನೊಬ್ಬನೇ ಉತ್ತೆ.

ಮಗನಿಗೆ ಆಗ ನಾಲ್ಕು ವರ್ಷ. ಒಂದು ಮಧ್ಯಾಹ್ನ ಉಂಡು ಅವನ ಪಕ್ಕದಲ್ಲಿ ಅಡ್ಡಾಗಿದ್ದೆ. ಸೆಕೆ ಇತ್ತು. ಅವನು ಎರಡೂ ಕಾಲಿನಿಂದ ನನ್ನ ಪಕ್ಕೆಗೆ ಒದ್ದು ಹೇಳಿದ:

“ಅಪ್ಪ, ನೀವು ಆಚೆ ಹೋಗಿ.”

ಹೆಂಡತಿ ನಕ್ಕಳು. ನಾನು ಎದ್ದು ಅಂಗಳಕ್ಕೆ ಹೋದೆ. ಅಪ್ಪನನ್ನೇ ಹೋಗಿ ಎನ್ನುವಷ್ಟು ಅಪ್ಪ ಅವನಿಗೆ ಸಿಕ್ಕಿದ್ದ; ನನ್ನ ಅಪ್ಪ ತಾವಾಗಿಯೇ ಹೋಗುತ್ತಿದ್ದರು. ಆ ದಿನವಿಡೀ ನಾನು ಆ ಮಗುವಿನೊಡನೆ ಮಾತಾಡಲಿಲ್ಲ.